ಜ್ವರ ಬಿಟ್ಟ ದಿನ ಮನೆಗೆ ಬಂದವರಿಗೆ

ಮಗಳು ನಿನ್ನೆಯಿಂದ ಶಾಲೆಗೆ ಹೋಗುತ್ತಿದ್ದಾಳೆ. ಈಗಷ್ಟೇ ಅವಳನ್ನು ಬದಿಯಡ್ಕದ ಬಸ್ಸು ಹತ್ತಿಸಿ ಬಂದು ಇದನ್ನು ಬರೆಯುತ್ತಿದ್ದೇನೆ.

ಅವಳಿಗೆ ಜ್ವರ ಬಂದ ಎರಡನೆಯ ದಿನವೇ ಎನ್‌ಎಸ್ 1 ಎಂಬ ರಕ್ತ ಪರೀಕ್ಷೆಯಲ್ಲಿ ಡೆಂಗಿ ಎಂದು ತಿಳಿದಿತ್ತು. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ, ಚೆನ್ನಾಗಿ ನೀರು ಕುಡಿಸಿ ಎಂದಿದ್ದರು. ನಾಲ್ಕು ದಿನ ಕೆಂಡದಂತೆ ಸುಟ್ಟ ಮೈ ಐದನೆಯ ಬೆಳಗ್ಗೆ ತಣ್ಣಗಾಯಿತು. ದೇವರಿಗೆ ದೀಪ ಹಚ್ಚಿ, ಕುಚ್ಚಲಕ್ಕಿ ಗಂಜಿಗೆ ಇಟ್ಟೆ.

ಆಗಲೇ ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ಬಂದರು. ಮಗಳ ಬೆರಳಿನ ಉಗುರು ಒತ್ತಿ ಬಿಟ್ಟರು. ಬಿಳಿಚಿದ ಉಗುರಿಗೆ ಕೆಂಪು ಮರಳಲು ತಡವಾಯಿತು. ಅಂಗೈ ಮಂಜಿನಂತಿತ್ತು. ವಾಂತಿ? ಬೆಳಗ್ಗಿನಿಂದ ಮೂರು ಸಲ. ಹೊಟ್ಟೆನೋವು? ಇದೆ. ಮೂತ್ರ? ನಿನ್ನೆ ರಾತ್ರಿ ಹೋದದ್ದೇ ಕೊನೆ. “ಅಕ್ಕಾ, ಒಲೆ ಆರಿಸಿ, ಜೀಪು ಕರೆಸಿ” ಎಂದರು. ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು ಎಂದು ನನಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು.

ಆಸ್ಪತ್ರೆಯಲ್ಲಿ ರಕ್ತದೊತ್ತಡ 90ಕ್ಕೆ 70. ಮಕ್ಕಳಲ್ಲಿ ಆ ಎರಡು ಅಂಕಿಗಳ ಅಂತರ 20ಕ್ಕೆ ಇಳಿದರೆ ಅದು ಆಘಾತದ (ಶಾಕ್) ಸ್ಥಿತಿಯಂತೆ, ಅಂದರೆ ಅಂಗಾಂಗಗಳಿಗೆ ಸಾಕಷ್ಟು ರಕ್ತ ಹರಿಯದ ಸ್ಥಿತಿ. ಎಚ್ಚರಿಕೆಯ ಲಕ್ಷಣಗಳಿಲ್ಲದ ಡೆಂಗಿ, ಲಕ್ಷಣಗಳಿರುವ ಡೆಂಗಿ, ತೀವ್ರ ಡೆಂಗಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮಾಡಿದ ಮೂರು ಗುಂಪುಗಳಲ್ಲಿ ಮಗಳು ಮೂರನೆಯದರಲ್ಲಿದ್ದಳು. ರಕ್ತನಾಳಗಳಿಂದ ದ್ರವ ಸೋರಿ ರಕ್ತ ಗಟ್ಟಿಯಾಗುತ್ತಿದೆ ಎಂದು ವೈದ್ಯೆ ಕನ್ನಡದಲ್ಲೇ ಬಿಡಿಸಿ ಹೇಳಿದರು. ನಾವೆಲ್ಲ ಪ್ಲೇಟ್‌ಲೆಟ್ ಎಷ್ಟು ಎಂದು ಕೇಳುತ್ತಿದ್ದರೆ ಅವರ ಕಣ್ಣು ಶೇಕಡಾ 36ರಿಂದ 45ಕ್ಕೆ ಏರಿದ್ದ ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲಿನ ಮೇಲಿತ್ತು. ಡ್ರಿಪ್ಪನ್ನು ಅಳೆದು ಅಳೆದು ಕೊಟ್ಟರು. ಹೆಚ್ಚಾದರೆ ಅದೂ ಶ್ವಾಸಕ್ಕೆ ಮುಳುವು. ಗಂಟೆಗೊಮ್ಮೆ ಬಂದು ಮೂತ್ರದ ಅಳತೆ ಬರೆದುಕೊಳ್ಳುತ್ತಿದ್ದ ಮಲಯಾಳಿ ನರ್ಸ್, ಎರಡನೆಯ ರಾತ್ರಿ ನನ್ನ ಭುಜ ಹಿಡಿದು “ಇನಿ ಪೇಡಿಕ್ಕೇಂಡ” ಎಂದರು. ಇನ್ನು ಹೆದರಬೇಡಿ ಎಂಬ ಆ ಮಾತು ಕಿವಿಯಲ್ಲಿ ಇನ್ನೂ ಇದೆ.

ರಕ್ತ ಕೊಡಲು ಓಡಿಬಂದ ಊರಿನ ಏಳು ಹುಡುಗರಿಗೂ ನಾನು ಋಣಿ. ರಕ್ತಸ್ರಾವ ಇಲ್ಲದ್ದರಿಂದ ರಕ್ತ ಬೇಕಾಗಲಿಲ್ಲ. ಅವರು ಸುಮ್ಮನೆ ಮರಳದೆ ನಮ್ಮ ತೋಟಕ್ಕೆ ಇಳಿದು, ಬಿದ್ದಿದ್ದ ಅಡಿಕೆ ಹಾಳೆಗಳನ್ನೆಲ್ಲ ಮಗುಚಿದ್ದಾರೆ. ಬಚ್ಚಲಿನ ಹಿಂದಿನ ಒಂದೇ ಹಾಳೆಯ ನೀರಿನಲ್ಲಿ ಸೊಳ್ಳೆಯ ಮರಿಹುಳುಗಳು ಕುಣಿಯುತ್ತಿದ್ದವಂತೆ. ದಿನವೂ ನಾನು ದಾಟಿ ಹೋಗುತ್ತಿದ್ದ ಹಾಳೆ ಅದು. ಹಸುವಿಗೆ ಹುಲ್ಲು ಹಾಕಿ, ಕರೆದು, ಮನೆ ಕಾದ ಪಕ್ಕದ ಮನೆಯ ಬ್ಯಾರಿ ಅಮ್ಮನಿಗೆ ಏನು ಹೇಳಿದರೂ ಕಡಿಮೆ.

ಆಶಾ ಕಾರ್ಯಕರ್ತೆ ಭಾನುವಾರ ಬರುತ್ತೇನೆ ಎಂದಿದ್ದಾರೆ. ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ಸಿದ್ಧವಿರುತ್ತದೆ. ಅಂದು ಅವರಿಗೆ ಒಂದು ಲೋಟ ನೀರನ್ನೂ ಕೊಟ್ಟಿರಲಿಲ್ಲ.