ಮಗಳಿಗೊಂದು ಪತ್ರ: ಕುದುರೆಗಾಡಿ ಕಂಡರೆ ನಿಧಾನ

ಪುಟ್ಟಿ,

ಮೊನ್ನೆ ನೀನು ಫೋನ್ ಇಟ್ಟಾಗಿನಿಂದ ನಿಮ್ಮಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಊಟದ ತಟ್ಟೆ ಮಾತ್ರ ಟೇಬಲ್ ಮೇಲೆ ಸದ್ದು ಮಾಡಿಕೊಂಡು ಬಂದು ಕೂರುತ್ತದೆ. "ಮಗಳು ಬೀಗರಿಗೆ ನಾಲ್ಕು ಜಾಗ ತೋರಿಸ್ತೀನಿ ಅಂದ್ರೆ ಅದಕ್ಕೂ ಅಡ್ಡಗಾಲು ಹಾಕ್ತೀರಲ್ಲ" ಅಂತ ಒಂದೇ ಸಲ ಬೈದು ಸುಮ್ಮನಾದಳು. ನಾನು ಹೋಗಬೇಡ ಅಂತ ಅಂದೇ ಇಲ್ಲ. ಕತ್ತಲಾದ ಮೇಲೆ ಕುದುರೆಗಾಡಿ ಓಡಾಡುವ ಆ ರಸ್ತೆಯಲ್ಲಿ ಕಾರು ಓಡಿಸಬೇಡ ಅಂದೆ, ಅಷ್ಟೇ. ನೀನು "ಅಪ್ಪಾ, ಸಾಕು" ಅಂದೆ. ನನ್ನ ದನಿ ಏರಿತು. ಬೀಗರು ಪಕ್ಕದಲ್ಲೇ ಕೂತಿದ್ದರಂತೆ. ಬೇಜಾರು ಮಾಡ್ಕೋಬೇಡಿ ಅಂತ ನನ್ನ ಪರವಾಗಿ ಹೇಳಿಬಿಡು. ಫೋನಲ್ಲಿ ಮತ್ತೆ ಜಗಳ ಆಗುತ್ತೆ ಅಂತ ಬರೆಯುತ್ತಿದ್ದೇನೆ.

ಕಾರು ಬೇಡ ಅಂತ ಇವತ್ತಿಗೂ ಕುದುರೆಗಾಡಿಯಲ್ಲೇ ಓಡಾಡುವ ಆಮಿಶ್ ಕ್ರೈಸ್ತರ ಊರು ತೋರಿಸುವುದು ಒಳ್ಳೆಯ ಯೋಚನೆನೇ. ಬೀಗರು ಬೇಸಾಯದ ಮನೆಯವರು. ನ್ಯೂಯಾರ್ಕಿನ ಎತ್ತರದ ಕಟ್ಟಡ ನೋಡಿ ಕತ್ತು ನೋಯಿಸಿಕೊಳ್ಳುವುದಕ್ಕಿಂತ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಅವರಿಗೆ ಜಾಸ್ತಿ ಹಿಡಿಸುತ್ತದೆ. ಇಂಜಿನ್ ಕಾರ್ಖಾನೆಗಳ ದೇಶದಲ್ಲಿ ಹೇಸರಗತ್ತೆ ಕಟ್ಟಿ ಉಳುವುದನ್ನು ನೋಡಿದರೆ ಬೀಗರು ಕಾರಿನಿಂದ ಇಳಿದೇಬಿಡುತ್ತಾರೆ, ನೋಡ್ತಿರು. ಮೊದಲು ಸ್ಟ್ರಾಸ್‌ಬರ್ಗ್ ರೈಲಿಗೆ ಹತ್ತಿಸು. ಆ ಕಂಪನಿಗೆ ಅನುಮತಿ ಸಿಕ್ಕಿದ್ದು 1832ರಲ್ಲಿ. ನಮ್ಮ ಬೊಂಬಾಯಿ–ಠಾಣೆ ರೈಲು ಓಡಿದ್ದೇ 1853ಕ್ಕೆ. ಮುಚ್ಚಿಹೋಗಬೇಕಿದ್ದ ಲೈನನ್ನು 1958ರಲ್ಲಿ ರೈಲಿನ ಹುಚ್ಚು ಹಿಡಿದ ಒಂದಷ್ಟು ಜನ ದುಡ್ಡು ಹಾಕಿ ಉಳಿಸಿಕೊಂಡರು. ಹೋಗಿ ಬರುವುದಕ್ಕೆ ಮುಕ್ಕಾಲು ಗಂಟೆ. ಪ್ಯಾರಡೈಸ್ ಊರಿನ ಹತ್ತಿರ ಇಂಜಿನ್ ಕಳಚಿಕೊಂಡು ಪಕ್ಕದ ಹಳಿಯಲ್ಲಿ ಬಂದು ಇನ್ನೊಂದು ತುದಿಗೆ ಸೇರುತ್ತಲ್ಲ, ಅದನ್ನು ಚಿನ್ನುಗೆ ತಪ್ಪದೆ ತೋರಿಸು. ಹೋದ ಸಲ ನಿದ್ದೆ ಮಾಡಿಬಿಟ್ಟಿದ್ದ. ಎದುರಿಗೇ ರೈಲ್ವೆ ಮ್ಯೂಸಿಯಂ ಇದೆ, ಆದರೆ ಎರಡನ್ನೂ ಒಂದೇ ದಿನ ಹಿಡಿದರೆ ಹೊತ್ತು ಹೋಗುತ್ತದೆ. ಹೊತ್ತು ಹೋದರೆ ಕತ್ತಲಾಗುತ್ತದೆ.

ನೋಡು, ಮತ್ತೆ ಅಲ್ಲಿಗೇ ಬಂದೆ.

ಹೋದ ಅಕ್ಟೋಬರಿನ ಆ ಸಂಜೆ ನಿನಗೆ ಮರೆತಿರಬಹುದು. ಇಂಟರ್‌ಕೋರ್ಸ್ ಊರು ಬಿಟ್ಟು ಸಣ್ಣ ರಸ್ತೆಗೆ ತಿರುಗಿದೆವು. ಎರಡೂ ಕಡೆ ಕೊಯ್ಲಾಗದ ಮುಸುಕಿನ ಜೋಳ, ಆಳೆತ್ತರಕ್ಕೂ ಮೀರಿ. ದಿಬ್ಬ ಹತ್ತಿದ್ದೇ ತಡ, ಎದುರಿಗೆ ಬೂದು ಬಣ್ಣದ ಪೆಟ್ಟಿಗೆ. ನೀನು ಬ್ರೇಕ್ ಒತ್ತಿದೆ. ಕಾರು ನಿಂತಾಗ ಆ ಕುದುರೆಗಾಡಿಗೂ ನಮಗೂ ಒಂದು ಮಂಚದಷ್ಟು ಅಂತರ. ಹಿಂದಿನ ಕಿಟಕಿಯಲ್ಲಿ ಎರಡು ಮಕ್ಕಳು. ಹುಲ್ಲಿನ ಟೋಪಿಯ ಹುಡುಗ, ಕುಲಾವಿ ಕಟ್ಟಿದ ಹುಡುಗಿ. ನಮ್ಮ ಚಿನ್ನು ಕೈ ಬೀಸಿದ. ಅವರೂ ಬೀಸಿದರು. ನೀನು ನಕ್ಕೆ. ನನಗೆ ನಗು ಬರಲಿಲ್ಲ, ಕಾಲು ಇಲ್ಲದ ಬ್ರೇಕನ್ನು ಒತ್ತಿಕೊಂಡೇ ಇತ್ತು. ಊರಿಗೆ ಬಂದ ಮೇಲೂ ಆ ಎರಡು ಮುಖ ಕಣ್ಣಿಗೆ ಕಟ್ಟಿದ ಹಾಗೆ ಇವೆ.

ಲೆಕ್ಕ ಹಾಕು, ನೀನು ಲೆಕ್ಕದಲ್ಲಿ ಗಟ್ಟಿಗಿತ್ತಿ. ಗಾಡಿ ಗಂಟೆಗೆ ಹತ್ತು ಹದಿನೈದು ಕಿಲೋಮೀಟರ್ ಹೋಗುತ್ತದೆ. ನೀನು ಎಪ್ಪತ್ತರಲ್ಲಿ ಇರುತ್ತೀಯ. ನೂರು ಮೀಟರ್ ದೂರದಲ್ಲಿ ಕಂಡರೂ ಆರೇಳು ಸೆಕೆಂಡಿನಲ್ಲಿ ಅದರ ಮೇಲಿರುತ್ತೀಯ. ಮುಂದೆ ಕಾರಿದ್ದರೆ ಅದೂ ನಿನ್ನ ವೇಗದಲ್ಲೇ ಓಡುತ್ತಿರುತ್ತದೆ, ಕಣ್ಣಿಗೆ ಅದೇ ರೂಢಿ. ಗಾಡಿ ಹಾಗಲ್ಲ. ಓಡುತ್ತಿದೆಯೋ ನಿಂತಿದೆಯೋ ಗೊತ್ತಾಗುವಷ್ಟರಲ್ಲಿ ಅರ್ಧ ದೂರ ಹೋಗಿರುತ್ತದೆ.

ಮದ್ದೂರು ರೋಡಿನಲ್ಲಿ ಬಸ್ ಓಡಿಸಿ ನೈಟ್ ಡ್ಯೂಟಿ ಮಾಡಿದವನು ನಾನು. ಕಬ್ಬು ಅರೆಯುವ ಕಾಲದಲ್ಲಿ ರಾತ್ರಿ ಇಡೀ ಸಾಲುಗಾಡಿ. ಗಾಡಿಯವನಿಗೆ ನಿದ್ದೆ, ಎತ್ತು ತಾನಾಗೇ ಫ್ಯಾಕ್ಟರಿ ದಾರಿ ಹಿಡಿದಿರುತ್ತಿತ್ತು. ಅಚ್ಚಿಗೆ ಕಟ್ಟಿದ ಲಾಟೀನು ಇದ್ದರೆ ಪುಣ್ಯ. ಕಬ್ಬಿನ ತುದಿ ಹಿಂದಕ್ಕೆ ಚಾಚಿಕೊಂಡು ನೇರ ಬಸ್ಸಿನ ಗಾಜಿಗೆ. ಎದುರಿನ ಲಾರಿಯವನು ಡಿಮ್ ಮಾಡದಿದ್ದರೆ ಮುಂದೆ ಏನಿದೆ ಅಂತ ದೇವರಿಗೇ ಗೊತ್ತು. ನಮ್ಮ ಡಿಪೋದಲ್ಲಿ ಏನಾಯಿತು ಅನ್ನುವುದು ನಿನಗೂ ಗೊತ್ತು, ಅದನ್ನಿಲ್ಲಿ ಬರೆಯುವುದಿಲ್ಲ.

ಆಮಿಶರ ಗಾಡಿಗೆ ಬ್ಯಾಟರಿ ಲೈಟಿದೆ, ಹಿಂದೆ ಕಿತ್ತಳೆ ಬಣ್ಣದ ತ್ರಿಕೋನವಿದೆ, ಒಪ್ಪುತ್ತೇನೆ. ಆದರೆ ತ್ರಿಕೋನ ಕಾಣುವುದು ದಿಬ್ಬದ ಈಚೆ ಇದ್ದರೆ ತಾನೇ? ಅಕ್ಟೋಬರ್ ಮಧ್ಯದಲ್ಲಿ ಆರೂವರೆಗೆಲ್ಲ ಅಲ್ಲಿ ಸೂರ್ಯ ಮುಳುಗುತ್ತಾನೆ. ಐದಕ್ಕೆ ಹೊರಟುಬಿಡು. ಜೋಳದ ಹೊಲದ ಪಕ್ಕ ಮನೆದಾರಿ ಕಂಡರೆ ಕಾಲು ಬ್ರೇಕ್ ಮೇಲಿರಲಿ. ಗಾಡಿಯನ್ನು ದಾಟುವಾಗ ಅಗಲವಾಗಿ ದಾಟು, ದಾಟಿದ ಕೂಡಲೇ ಅದರ ಮುಂದೆ ನುಗ್ಗಬೇಡ. ಹಾರನ್ ಇಲ್ಲದೆ ಬಸ್ ಓಡಿಸಿದವನಲ್ಲ ನಾನು, ಆದರೂ ಹೇಳುತ್ತೇನೆ, ಅಲ್ಲಿ ಹಾರನ್ ಹೊಡೆಯಬೇಡ. ಎಷ್ಟೋ ಕುದುರೆಗಳು ರೇಸಿನಿಂದ ನಿವೃತ್ತಿ ಆದವು. ಬೆದರಿದರೆ ಹಿಡಿಯುವವರಿಲ್ಲ.

ಹೋಗುವುದಾದರೆ ಶನಿವಾರ ಹೋಗು. ಭಾನುವಾರ ಆಮಿಶರ ಅಂಗಡಿ ಮುಚ್ಚಿರುತ್ತದೆ. ಪ್ರಾರ್ಥನೆ ಯಾರದಾದರೊಬ್ಬರ ಮನೆಯಲ್ಲೇ ನಡೆಯುವುದರಿಂದ ರಸ್ತೆ ತುಂಬ ಗಾಡಿ. ಶನಿವಾರ ಲ್ಯಾಂಕಾಸ್ಟರ್ ಪೇಟೆಯ ಸೆಂಟ್ರಲ್ ಮಾರ್ಕೆಟ್ಟೂ ತೆರೆದಿರುತ್ತದೆ. 1730ರಿಂದ ಅಲ್ಲಿ ಸಂತೆ ನಡೆಯುತ್ತಿದೆ, ಈಗಿನ ಇಟ್ಟಿಗೆ ಕಟ್ಟಡ 1889ರದ್ದು. ಬೆಳಿಗ್ಗೆಯೇ ಮುಟ್ಟಿಕೊ. ಶೂಫ್ಲೈ ಪೈ ಅಂತ ಕೊಡುತ್ತಾರೆ, ಕಾಕಂಬಿ ಹಾಕಿ ಮಾಡಿದ್ದು. ಮಂಡ್ಯದವನಿಗೆ ಕಾಕಂಬಿ ಅಂದರೆ ನೆನಪಾಗುವುದೇ ಬೇರೆ, ಬೀಗರ ಎದುರು ಆ ಮಾತು ಬೇಡ. ಅಕ್ಟೋಬರಿನಲ್ಲಿ ಲ್ಯಾಂಡಿಸ್ ವ್ಯಾಲಿ ಮ್ಯೂಸಿಯಮ್ಮಿನಲ್ಲಿ ಸುಗ್ಗಿಯ ಹಬ್ಬ ಮಾಡುತ್ತಾರೆ. ಹಳೇ ಉಪಕರಣ ಕೂಡಿಟ್ಟು ಅದನ್ನು ಶುರು ಮಾಡಿದವರು ಇಬ್ಬರು ಅಣ್ಣತಮ್ಮಂದಿರು, ನಾಟಿ ಬೀಜಗಳನ್ನೂ ಉಳಿಸಿದ್ದಾರೆ. ಬೀಗರು ಅಲ್ಲೇ ಬೀಡು ಬಿಡಬಹುದು. ಚಿನ್ನುಗೆ ಚೆರಿ ಕ್ರೆಸ್ಟ್ ತೋಟದ ಜೋಳದ ಚಕ್ರವ್ಯೂಹ ಸಾಕು, ಐದು ಎಕರೆ, ಒಳಗೆ ಹೊಕ್ಕರೆ ದಾರಿ ತಪ್ಪುವುದೇ ಆಟ.

ಒಂದು ಮಾತು, ಫೋಟೋ. ಬೀಗಿತಿ ಕೈಯಲ್ಲಿ ಹೊಸ ಫೋನಿದೆ. ಮುಖದ ಫೋಟೋ ತೆಗೆಯುವುದು ಆಮಿಶರ ಧರ್ಮಕ್ಕೆ ಒಗ್ಗುವುದಿಲ್ಲ, ಮೂರ್ತಿ ಮಾಡಿದ ಹಾಗೆ ಅಂತ. ಕೇಳಿದರೂ ಬೇಡ ಅಂತಾರೆ. ಹೊಲ ತೆಗೆಯಲಿ, ಕುದುರೆ ತೆಗೆಯಲಿ. ಮನೆ ಒಳಗೆ ನೋಡಬೇಕು ಅನ್ನಿಸಿದರೆ 1955ರಿಂದ ಜನರಿಗೆ ತೆರೆದಿರುವ ಆಮಿಶ್ ಫಾರ್ಮ್ ಅಂಡ್ ಹೌಸ್ ಇದೆಯಲ್ಲ. ಅಲ್ಲಿನ ಒಂದೇ ಕೋಣೆಯ ಶಾಲೆಯಲ್ಲಿ ನಾನು ಸುಮ್ಮನೆ ನಿಂತಿದ್ದೆ, ನೀನು ಕಾಲು ನೋಯುತ್ತಾ ಅಂತ ಕೇಳಿದೆ. ಕಾಲಲ್ಲ. ಅವರ ಮಕ್ಕಳು ಎಂಟನೇ ಕ್ಲಾಸಿಗೆ ಓದು ನಿಲ್ಲಿಸುತ್ತಾರೆ, 1972ರಲ್ಲಿ ದೊಡ್ಡ ಕೋರ್ಟೂ ಅದನ್ನು ಒಪ್ಪಿದೆ ಅಂತ ನೀನೇ ಹೇಳಿದ್ದೆ. ಎಸ್ಸೆಸ್ಸೆಲ್ಸಿ ದಾಟದ ನಾನು ನಿನ್ನ ಇಂಜಿನಿಯರಿಂಗ್ ಫೀಸಿಗೆ ಓವರ್‌ಟೈಮ್ ಮಾಡಿದವನು. ಅವರ ಬದುಕು ಚೆಂದ ಅಂತ ಎಲ್ಲರೂ ಹೇಳುತ್ತಿದ್ದರು. ಚೆಂದವೇ. ಆದರೂ ನಮ್ಮ ಹುಡುಗಿ ಆ ಬೆಂಚಿನಿಂದ ಎದ್ದು ಮುಂದೆ ಹೋದಳಲ್ಲ ಅಂತ ಎದೆ ತುಂಬಿತ್ತು. ಬಾಯಿಬಿಟ್ಟು ಹೇಳಲಿಲ್ಲ.

ನವೆಂಬರಿಗೆ ಮುಂದೂಡೋಣ ಅಂತ ಯೋಚಿಸಬೇಡ. ಸುಗ್ಗಿ ಮುಗಿದ ಮೇಲೆ ಅವರಿಗೆ ಮದುವೆ ಕಾಲ, ಮಂಗಳವಾರ ಗುರುವಾರ ಬಂತೆಂದರೆ ಗಾಡಿಗಳ ದಂಡು. ನನಗೆ ನೋಡುವ ಆಸೆ ಇರುವುದು ಮಾರ್ಚ್ ತಿಂಗಳ ಮಡ್ ಸೇಲ್. ಕೆಸರಲ್ಲಿ ನಿಂತು ಕೌದಿ, ನೇಗಿಲು, ಗಾಡಿ ಹರಾಜು ಕೂಗುವುದು. ದುಡ್ಡು ಊರಿನ ಅಗ್ನಿಶಾಮಕ ದಳಕ್ಕೆ. ಆಮಿಶ್ ಗಂಡಸರೂ ಆ ದಳದಲ್ಲಿದ್ದಾರೆ, ಬೆಂಕಿ ಆರಿಸುತ್ತಾರೆ, ಲಾರಿ ಮಾತ್ರ ಓಡಿಸಲ್ಲ. ಟಿಕೆಟ್ ಕಳಿಸು ಅಂತ ಕೇಳುತ್ತಿಲ್ಲ. ಸುಮ್ನೆ ಹೇಳಿದೆ.

ಹೊರಡುವ ಮುಂಚೆ ಟೈರಿಗೆ ಗಾಳಿ ನೋಡಿಸು, ಮುಂದಿನ ಗಾಜು ಒಳಗಿನಿಂದಲೂ ಒರೆಸು. ಮುಂದಿನ ಸೀಟಿನಲ್ಲಿ ಬೀಗರನ್ನು ಕೂರಿಸು, ಅವರಿಗೂ ಗಾಡಿ ಹೊಡೆದು ಗೊತ್ತು, ಬೇಗ ಗುರುತಿಸುತ್ತಾರೆ. ಮನೆ ಮುಟ್ಟಿದ ಮೇಲೆ ಒಂದು ಮೆಸೇಜ್ ಹಾಕು, ಇಲ್ಲಿ ಬೆಳಗಿನ ಜಾವ ಆದರೂ ಪರವಾಗಿಲ್ಲ. ಮತ್ತೆ ನಿಮ್ಮಮ್ಮನಿಗೆ ಫೋನ್ ಮಾಡಿ, ಅಪ್ಪ ಕಾಗದ ಬರೆದಿದ್ದಾರೆ, ಜಗಳ ಮುಗೀತು ಅಂತ ಹೇಳು. ಮೂರು ದಿನದಿಂದ ಕಾಫಿಗೆ ಸಕ್ಕರೆ ಇಲ್ಲ.

ನಿನ್ನ ಅಪ್ಪ