ಹೊಸ ಟ್ಯಾಂಕ್ ಬಂತು, ಸೋರಿಕೆ ಜಾಸ್ತಿ ಆಯಿತು

ಗೆ,
ವ್ಯವಸ್ಥಾಪಕರು,
ನೀರು ಸರಬರಾಜು ಸಂಸ್ಥೆ

ವಿಷಯ: ಸರ್ಕಾರದ ಅನುದಾನದಲ್ಲಿ ಕಟ್ಟಿದ ಟ್ಯಾಂಕ್ ಮತ್ತು ರಿಪೇರಿಯಾಗದ ಪೈಪ್ ಬಗ್ಗೆ

ಮಾನ್ಯರೇ,

ನಮ್ಮ ಬೀದಿ ಕೊನೆಯ ವಾಲ್ವ್ ಗುಂಡಿಯಲ್ಲಿ ಪೈಪಿನ ಜಾಯಿಂಟ್ ಸೋರುತ್ತಿದೆ. ಮೂರು ಸಲ ದೂರು ಕೊಟ್ಟಿದ್ದೇನೆ. ಕೊನೆಯ ಸಲ ನಿಮ್ಮ ಕಚೇರಿಯಲ್ಲಿ ಸಿಕ್ಕ ಉತ್ತರ: "ಅನುದಾನ ಬಂದಿರೋದು ಹೊಸ ಕಾಮಗಾರಿಗೆ. ರಿಪೇರಿಗೆ ಆ ಲೆಕ್ಕದಲ್ಲಿ ದುಡ್ಡಿಲ್ಲ."

ಆ ಹೊಸ ಕಾಮಗಾರಿಯಿಂದಲೇ ಸೋರಿಕೆ ಹೆಚ್ಚಾಗಿದೆ ಸ್ವಾಮಿ. ಟ್ಯಾಂಕ್ 10 ಮೀಟರ್ ಎತ್ತರವಾದರೆ ಪೈಪಿನಲ್ಲಿ ಒತ್ತಡ ಸುಮಾರು ಒಂದು ಬಾರ್ ಏರುತ್ತದೆ. ಮೊದಲು ಜಿನುಗುತ್ತಿದ್ದ ಜಾಯಿಂಟ್ ಈಗ ಚಿಮ್ಮುತ್ತಿದೆ. ಹಳೇ ಪೈಪ್ ಹಾಗೇ ಬಿಟ್ಟು ಎತ್ತರದ ಟ್ಯಾಂಕ್ ಕಟ್ಟಿದರೆ ಇನ್ನೇನಾಗುತ್ತದೆ? ಉದ್ಘಾಟನೆಗೆ ಟ್ಯಾಂಕ್ ಚೆನ್ನಾಗಿ ಕಾಣುತ್ತದೆ, ಮಣ್ಣಿನಡಿಯ ಪೈಪಿಗೆ ಯಾರೂ ಟೇಪ್ ಕತ್ತರಿಸುವುದಿಲ್ಲ, ಅಲ್ವಾ?

ಹೋದ ವಾರ ಜಾಯಿಂಟ್ ಕೆಳಗೆ 10 ಲೀಟರ್ ಬಕೆಟ್ ಹಿಡಿದೆ. ಸರಿಯಾಗಿ ಒಂದು ನಿಮಿಷಕ್ಕೆ ತುಂಬಿತು. ನೀವು ನೀರು ಬಿಡುವುದು ದಿನಕ್ಕೆ ಎರಡು ಗಂಟೆ. ಅಂದರೆ 1200 ಲೀಟರ್ ಚರಂಡಿಗೆ. ಒಬ್ಬರಿಗೆ ದಿನಕ್ಕೆ 50ರಿಂದ 100 ಲೀಟರ್ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 50 ಅಂತಲೇ ಹಿಡಿದರೂ 24 ಜನರ ನೀರು ಅದು.

ಇನ್ನೂ ಭಯ ಆಗುವುದು ನೀರು ನಿಂತ ಮೇಲೆ. ಪೈಪ್ ಖಾಲಿಯಾಗುತ್ತಾ ಹೋದಂತೆ ಗುಂಡಿಯ ಕೊಳೆನೀರನ್ನು ಅದೇ ಜಾಯಿಂಟ್ ಒಳಗೆ ಎಳೆದುಕೊಳ್ಳುತ್ತದೆ. ಮರುದಿನ ಮೊದಲು ಬರುವುದು ಅದೇ ನೀರು. ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನಾನು ಕ್ಲೋರಿನ್ ಪರೀಕ್ಷೆಯ ಕಿಟ್ ತಂದು ಹನಿ ಹಾಕಿ ನೋಡಿದೆ, ಕ್ಲೋರಿನ್ ಇದ್ದರೆ ಬರಬೇಕಾದ ಹಳದಿ ಬಣ್ಣ ಬರಲೇ ಇಲ್ಲ.

ಟ್ಯಾಂಕಿಗೆ ಹೋದದ್ದು ನಮ್ಮ ತೆರಿಗೆ. ನಿರ್ವಹಣೆಗೆ ಅಂತ ಬಿಲ್ಲಿನಲ್ಲಿ ತಿಂಗಳು ತಿಂಗಳು ಬೇರೆ ಕಟ್ಟುತ್ತಿದ್ದೇವೆ. ಹಾಗಿದ್ದ ಮೇಲೆ ಒಂದು ಜಾಯಿಂಟಿಗೆ ದುಡ್ಡಿಲ್ಲ ಅಂದರೆ ನಂಬುವುದು ಹೇಗೆ?

ಈ ವಾರದೊಳಗೆ ಜಾಯಿಂಟ್ ಬದಲಿಸಿ, ನೀರಿನ ಪರೀಕ್ಷೆ ಮಾಡಿಸಿ. ಅನುದಾನದಲ್ಲಿ ಟ್ಯಾಂಕಿಗೆ ಎಷ್ಟು, ಪೈಪಿಗೆ ಎಷ್ಟು, ಮುಂದಿನ ರಿಪೇರಿಗೆ ಎಷ್ಟು ಇಟ್ಟಿದ್ದೀರಿ ಎಂದು ಬರವಣಿಗೆಯಲ್ಲಿ ತಿಳಿಸಿ. ಸುಮ್ನೆ "ಪರಿಶೀಲಿಸಲಾಗುವುದು" ಅನ್ನೋ ಉತ್ತರ ಬೇಡ, ಅಂಥವು ಈಗಾಗಲೇ ಎರಡು ಬಂದಿವೆ.

ನಿಮ್ಮ ಇಂಜಿನಿಯರ್ ನೀರು ಬಿಡುವ ಹೊತ್ತಿಗೆ ಬಂದರೆ ಬಕೆಟ್ ನಾನೇ ತರುತ್ತೇನೆ. ಗಡಿಯಾರ ಅವರೇ ನೋಡಲಿ.

ಇಂತಿ,
ನಿಮ್ಮ ಗ್ರಾಹಕ