ಪ್ಲಾಸ್ಟಿಕ್ ಪೇಟೆಂಟ್: ಮೊದಲು ಲೆಕ್ಕ ಕೂಡಲಿ

ಮಾನ್ಯ ಸಂಪಾದಕರೇ,

ಪ್ಲಾಸ್ಟಿಕ್ ಮಿಶ್ರಣದ ಪೇಟೆಂಟ್ ಅರ್ಜಿ ಪರಿಶೀಲನೆಯಲ್ಲಿ ಎಡವಲು ರಸಾಯನಶಾಸ್ತ್ರವೇ ಬೇಕಿಲ್ಲ, ಕೂಡುವ ಲೆಕ್ಕ ತಪ್ಪಿದರೂ ಸಾಕು. ಮೂರೇ ಘಟಕಗಳೆಂದು ಹೇಳಿ, ತೂಕದಲ್ಲಿ ಪಾಲಿಪ್ರೊಪಿಲೀನ್ ಶೇ 60–80, ಟಾಲ್ಕ್ (ಒಂದು ಖನಿಜದ ಪುಡಿ) ಶೇ 20–40, ರಬ್ಬರ್ ಶೇ 10–15 ಎಂದು ಹಕ್ಕು ಕೇಳಿದರೆ, 80ಕ್ಕೆ ಉಳಿದೆರಡರ ಕನಿಷ್ಠ ಸೇರಿ 110 ಆಗುತ್ತದೆ. ಅಂಥ ಪ್ಲಾಸ್ಟಿಕ್ಕನ್ನು ಬೆರೆಸುವವರು ಇನ್ನೂ ಹುಟ್ಟಿಲ್ಲ! ಒಂದರ ಗರಿಷ್ಠಕ್ಕೆ ಉಳಿದವುಗಳ ಕನಿಷ್ಠ ಸೇರಿಸಿದಾಗ 100 ಮೀರಬಾರದು. ಒಂದರ ಕನಿಷ್ಠಕ್ಕೆ ಉಳಿದವುಗಳ ಗರಿಷ್ಠ ಸೇರಿಸಿದಾಗ 100ಕ್ಕಿಂತ ಕಡಿಮೆ ಬರಬಾರದು.

ಕರಗಿದ ಪ್ಲಾಸ್ಟಿಕ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಹೇಳುವ ಮೆಲ್ಟ್ ಫ್ಲೋ ಇಂಡೆಕ್ಸನ್ನು ‘10’ ಎಂದಷ್ಟೇ ಬರೆದರೂ ಆಕ್ಷೇಪ ಬರುತ್ತದೆ. 2.16 ಕಿಲೋ ಭಾರದಲ್ಲಿ ಪಾಲಿಪ್ರೊಪಿಲೀನನ್ನು ಸಾಮಾನ್ಯವಾಗಿ 230 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಾಲಿಎಥಿಲೀನನ್ನು 190 ಡಿಗ್ರಿಯಲ್ಲಿ ಅಳೆಯುತ್ತಾರೆ. ಉಷ್ಣತೆ, ಭಾರ ಹೇಳದ ಅಂಕಿಗೆ ಅರ್ಥವಿಲ್ಲ. ಪಾಲಿಮರಿನ ಅಣುಗಳೆಲ್ಲ ಒಂದೇ ತೂಕದವಲ್ಲ; ಹಾಗಾಗಿ ಅಣುತೂಕವೂ ಸಂಖ್ಯಾ ಸರಾಸರಿಯೋ (ಅಣುಗಳ ಎಣಿಕೆಯಂತೆ) ತೂಕದ ಸರಾಸರಿಯೋ (ಅಣುಗಳ ತೂಕದಂತೆ) ಎಂದು ಬಿಡಿಸಿ ಹೇಳಬೇಕು.

ಹೋಲಿಕೆ ಪ್ರಯೋಗದ ಕಥೆ ಇನ್ನೊಂದು. ಹಳೆಯ ಮಿಶ್ರಣಕ್ಕಿಂತ ಗಟ್ಟಿ ಎಂದು ತೋರಿಸುವಾಗ ಟಾಲ್ಕ್ ಪ್ರಮಾಣವನ್ನೂ ರಬ್ಬರಿನ ಬಗೆಯನ್ನೂ ಒಟ್ಟಿಗೆ ಬದಲಿಸಿಬಿಡುತ್ತಾರೆ. ಗಟ್ಟಿತನ ಯಾವುದರಿಂದ ಬಂತು? ಪರೀಕ್ಷಕರು ಕೇಳುವುದೂ ಅದನ್ನೇ. ಒಂದನ್ನಷ್ಟೇ ಬದಲಿಸಿ, ಉಳಿದುದನ್ನು ಹಾಗೇ ಇಟ್ಟು ಅಳೆಯಬೇಕು. ಅದೂ ಅರ್ಜಿ ಸಲ್ಲಿಸುವ ಮೊದಲೇ.

– ಪಾಲಿಮರ್ ಕ್ಷೇತ್ರದ ಓದುಗರು